ಎಡ್ವರ್ಡ್ ಲಾರಿ ಮತ್ತು ಹೈದರಾಬಾದಿನ ಕ್ಲೋರೋಫಾರ್ಮ್ ಆಯೋಗ

ಗದ್ವಾಲ, ಮಕ್ತಲ್, ನಾರಾಯಣಪೇಟೆಗಳು ನಿಜಾಮರ ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ ರಾಜಧಾನಿ ಹೈದರಾಬಾದು ಒಂದು ಔಷಧಿಯ ದೋಷವನ್ನು ಕುರಿತ ವಾದದಿಂದ ವೈದ್ಯಲೋಕದಲ್ಲೆಲ್ಲ ಹೆಸರಾಯಿತು. ಆ ಔಷಧಿ ಕ್ಲೋರೋಫಾರ್ಮ್. ವಾದವನ್ನು ಹೂಡಿದವರು ರೆಸಿಡೆನ್ಸಿಯ ಶಸ್ತ್ರವೈದ್ಯ ಎಡ್ವರ್ಡ್ ಲಾರಿ.

1846ರಲ್ಲಿ ಜನಿಸಿದ ಲಾರಿಯವರು ಎಡಿನ್‌ಬರೋ ನಗರದಲ್ಲಿ ಜೇಮ್ಸ್ ಸೈಮ್ ಎಂಬ ಶಸ್ತ್ರವೈದ್ಯರ ಬಳಿ ಪಳಗಿದರು. ಅದೇ ನಗರದಲ್ಲಿ 1847ರಲ್ಲಿ ಜೇಮ್ಸ್ ಸಿಂಪ್ಸನ್ ಅವರು ಕ್ಲೋರೋಫಾರ್ಮನ್ನು ಬಳಕೆಗೆ ತಂದಿದ್ದರು. ಶಸ್ತ್ರಚಿಕಿತ್ಸೆಯ ಯಾತನೆಯನ್ನು ಅದು ಅಳಿಸಿತು. ಆದರೆ ಮರುವರ್ಷವೇ ಇಂಗ್ಲೆಂಡಿನಲ್ಲಿ ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳಲು ಬಂದ ಹದಿನೈದು ವರ್ಷದ ಹ್ಯಾನಾ ಗ್ರೀನರ್ ಅದನ್ನು ಸೇವಿಸಿ ಕೆಲವೇ ನಿಮಿಷಗಳಲ್ಲಿ ಮೃತಳಾದಳು. ಕೆಟ್ಟದ್ದು ಉಸಿರೋ, ಹೃದಯವೋ ಎಂಬ ಪ್ರಶ್ನೆ ಅಂದಿನಿಂದ ಉಳಿಯಿತು. ಉಸಿರನ್ನು ಕಾಯ್ದರೆ ಸಾಕು, ನಾಡಿಯನ್ನು ನೋಡಬೇಕಿಲ್ಲ ಎಂಬುದು ಸೈಮರ ಬೋಧನೆ. ಲಾರಿಯವರು ಆ ಗುರುವಾಕ್ಯವನ್ನು ಹೊತ್ತೇ ಹಿಂದುಸ್ಥಾನಕ್ಕೆ ಬಂದರು.

ಹೈದರಾಬಾದಿನ ವೈದ್ಯಶಾಲೆಯ ಮುಖ್ಯಸ್ಥರಾಗಿ ಅವರು ಶಿಷ್ಯರಿಗೂ ಅದನ್ನೇ ಕಲಿಸಿದರು. 1888ರಲ್ಲಿ ನೇಮಕವಾದ ಆಯೋಗವು ನಾಯಿಗಳ ಮೇಲೆ ಪ್ರಯೋಗ ನಡೆಸಿ ಅವರ ಮತವನ್ನೇ ಎತ್ತಿಹಿಡಿಯಿತು. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ ಒಪ್ಪಲಿಲ್ಲ. ಆಗ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ಪತ್ರಿಕೆಯ ಪ್ರತಿನಿಧಿಯನ್ನು ಕರೆಸಲು 1000 ಪೌಂಡು ನೀಡಿದರು. 1889ರಲ್ಲಿ ಬಂದ ಲಾಡರ್ ಬ್ರಂಟನ್ ಅವರು ಹೃದಯಕ್ಕೇ ಅಪಾಯವೆಂದು ನಂಬಿದ್ದವರು. ನೂರಾರು ನಾಯಿ, ಕೋತಿಗಳ ಮೇಲಿನ ಪ್ರಯೋಗಗಳಲ್ಲಿ ಉಸಿರೇ ಮೊದಲು ನಿಂತುದನ್ನು ಕಂಡು ಅವರೂ ಮನಸ್ಸು ಬದಲಿಸಿದರು. ಲಾರಿಯವರ ವಿಶ್ವಾಸ ಅಚಲವಾಯಿತು. ಬೇರೆಡೆ ಸಂಭವಿಸಿದ ಸಾವುಗಳಿಗೆ ಔಷಧಿ ಕೊಟ್ಟವರ ಅಜಾಗ್ರತೆಯೇ ಕಾರಣವೆಂದು ಅವರು ಸಾಧಿಸಿದರು.

ಸಾವುಗಳು ಮಾತ್ರ ನಿಲ್ಲಲಿಲ್ಲ. ಲ್ಯಾನ್ಸೆಟ್ ಪತ್ರಿಕೆಯು ಇಂತಹ ಮರಣಗಳನ್ನು ವರದಿಮಾಡುವಂತೆ ವೈದ್ಯರನ್ನು ಕೋರಿ, ಬಂದುದನ್ನು ಕ್ರೋಡೀಕರಿಸಿ 1893ರಲ್ಲಿ ಪ್ರಕಟಿಸಿತು. ಔಷಧಿಗಳ ದುಷ್ಪರಿಣಾಮಗಳನ್ನು ವೈದ್ಯರಿಂದ ಸಂಗ್ರಹಿಸುವ ಇಂದಿನ ಪದ್ಧತಿಯ ಮೊಳಕೆಯನ್ನು ಇಲ್ಲಿ ಕಾಣಬಹುದು. 1911ರಲ್ಲಿ ಗುಡ್‌ಮನ್ ಲೀವಿ ಅವರು ಬೆಕ್ಕುಗಳ ಮೇಲಿನ ಪ್ರಯೋಗದಿಂದ ಗಂಟನ್ನು ಬಿಡಿಸಿದರು. ಔಷಧಿ ಅತಿಯಾದಾಗ ಉಸಿರು ಮೊದಲು ನಿಲ್ಲುವುದು ದಿಟ; ಅರೆಮಂಪರಿನಲ್ಲಿ ಹೃದಯವೇ ತಟ್ಟನೆ ಕಂಪಿಸಿ ನಿಲ್ಲುವುದೂ ದಿಟ. ಹೈದರಾಬಾದಿನ ಪ್ರಯೋಗಗಳು ಕಂಡದ್ದು ಸತ್ಯದ ಒಂದು ಮಗ್ಗುಲನ್ನು ಮಾತ್ರ.

ಲಾರಿಯವರು 1915ರಲ್ಲಿ ನಿಧನರಾದರು. ರೋಗಿಯ ಉಸಿರಿನ ಮೇಲೆ ಸದಾ ಕಣ್ಣಿಡಬೇಕೆಂಬ ಅವರ ಪಾಠ ಉಳಿಯಿತು. ನಾಡಿಯನ್ನು ಕಡೆಗಣಿಸಬಹುದೆಂಬ ಮಾತು ಉಳಿಯಲಿಲ್ಲ. ನೂರಾರು ಪ್ರಯೋಗಗಳು ಕಾಣದುದನ್ನು ಹ್ಯಾನಾಳಂತಹವರ ಒಂದೊಂದು ಮರಣವೂ ಸೂಚಿಸುತ್ತಲೇ ಇತ್ತು.