‘ಆಕಾಶವಾಣಿ’ಯನ್ನು ಮನೆಯಲ್ಲೇ ಕಟ್ಟಿದ ಪ್ರಾಧ್ಯಾಪಕ

ಸಾಂಗಲಿ, ಮಿರಜ, ಜತ್ತ ಭಾಗದ ಹಿರಿಯರು ರೇಡಿಯೋ ಹಚ್ಚಿದರೆ ಸಾಂಗಲಿ ಕೇಂದ್ರದ ಮರಾಠಿ, ಗುಂಡಿ ತಿರುವಿದರೆ ಧಾರವಾಡದ ಕನ್ನಡ ಕೇಳುತ್ತಿದ್ದರು. ಭಾಷೆ ಎರಡಾದರೂ ಹೆಸರು ಒಂದೇ: ಆಕಾಶವಾಣಿ. ಆ ಹೆಸರಿನ ಕೇಂದ್ರವನ್ನು ಮೊದಲು ನಡೆಸಿದವರು ಮೈಸೂರಿನ ಡಾ. ಎಂ.ವಿ. ಗೋಪಾಲಸ್ವಾಮಿ.

ಇವರು ಎಂಜಿನಿಯರ್ ಅಲ್ಲ. 1896ರಲ್ಲಿ ಜನಿಸಿ, ಲಂಡನ್ನಿನಲ್ಲಿ ಓದಿ, ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸಿದವರು. 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ 30 ವ್ಯಾಟಿನ ಟ್ರಾನ್ಸ್‌ಮಿಟರ್ ಮೂಲಕ ಪ್ರಸಾರ ಆರಂಭಿಸಿದರು. ಅಂದು ಕುವೆಂಪು ಕವಿತೆ ಓದಿದರು.

30 ವ್ಯಾಟ್ ಎಂದರೆ ಒಂದು ಸಣ್ಣ ಬಲ್ಬಿನಷ್ಟು. ಇಂಥ ಮನೆಯ ಯಂತ್ರದ ದೋಷ ಹುಡುಕಲು ತಾಳ್ಮೆ ಬೇಕು. ವಾಲ್ವ್ ಉರಿಯುತ್ತದೆ, ಪಕ್ಕದ ಕೋಣೆಯ ರೇಡಿಯೋದಲ್ಲಿ ಧ್ವನಿ ಸ್ಪಷ್ಟ, ಆದರೆ ಊರಾಚೆ ಏನೂ ಕೇಳದು. ಆಗ ವಾಲ್ವ್ ಬದಲಿಸುವ ಮೊದಲು ಏರಿಯಲ್ಲಿನ ಉದ್ದ, ಅದಕ್ಕೆ ಸುರುಳಿಯ ಹೊಂದಾಣಿಕೆ, ಅರ್ಥಿಂಗ್ ತಂತಿ ನೋಡಬೇಕು. ಗುಂಯ್ ಸದ್ದು ಬಂದರೆ ಸಾಮಾನ್ಯವಾಗಿ ತಪ್ಪು ವಿದ್ಯುತ್ ಶುದ್ಧಗೊಳಿಸುವ ಕೆಪಾಸಿಟರಿನದು. ಯಂತ್ರ ಕಾದಂತೆ ಸ್ಟೇಶನ್ ಮುಳ್ಳಿನಿಂದ ಜಾರುವುದೂ ಉಂಟು. ಎಲ್ಲ ಸರಿಪಡಿಸಿದರೂ 30 ವ್ಯಾಟಿಗೆ ಮಿತಿ ಇದ್ದೇ ಇದೆ. ಗೋಪಾಲಸ್ವಾಮಿ ಮುಂದೆ 250 ವ್ಯಾಟಿನ ಯಂತ್ರ ತರಿಸಿದರು.

ಖರ್ಚಿನ ಹೊರೆಯನ್ನೂ ವರ್ಷಗಟ್ಟಲೆ ಹೊತ್ತರು. 1940ರ ದಶಕದ ಆರಂಭದಲ್ಲಿ ಮೈಸೂರು ಸರಕಾರ ಕೇಂದ್ರವನ್ನು ವಹಿಸಿಕೊಂಡಿತು. 1955ರಲ್ಲಿ ಅದು ಬೆಂಗಳೂರಿಗೆ ಹೋಯಿತು. ಹೆಸರು ಸೂಚಿಸಿದವರು ನಾ. ಕಸ್ತೂರಿ ಎನ್ನುವವರೂ ಇದ್ದಾರೆ. ಯಾರದೇ ಇರಲಿ, 1950ರ ದಶಕದಲ್ಲಿ ಇಡೀ ದೇಶದ ರೇಡಿಯೋ ಅದೇ ಹೆಸರು ಪಡೆಯಿತು. ಗೋಪಾಲಸ್ವಾಮಿ 1957ರಲ್ಲಿ ತೀರಿಕೊಂಡರು. ಮೈಸೂರಿನ ಈಗಿನ ಆಕಾಶವಾಣಿ ಕೇಂದ್ರ ಅವರ ಆ ಮನೆಯ ಹತ್ತಿರವೇ ಇದೆ.