ಕಿಡಿಯ ಬೆನ್ನು ಹತ್ತಿದ ರಾಬರ್ಟ್ ಬಾಷ್

ಮಳೆಗಾಲದಲ್ಲಿ ಕುತ್ತಿಕೋಲು, ಬಂದಡ್ಕ ಕಡೆಯ ಏರುದಾರಿ ಹತ್ತುವಾಗ ಜೀಪಿನ ಇಂಜಿನು ಒಮ್ಮೆಲೇ ಮುಗ್ಗರಿಸತೊಡಗುವುದು, ಸಮತಟ್ಟಿಗೆ ಬಂದೊಡನೆ ಏನೂ ಆಗದಂತೆ ಓಡುವುದು ನಮ್ಮವರಿಗೆ ಹೊಸತಲ್ಲ. ಇದಕ್ಕೆ ಗ್ಯಾರೇಜಿನವರು ‘ಮಿಸ್ಸಿಂಗ್’ ಎನ್ನುತ್ತಾರೆ. ಅಲ್ಲಿಗೆ ಒಯ್ದು ನಿಲ್ಲಿಸಿದರೆ ದೋಷ ಮಾಯ! ಹಳೆಯ ಜೀಪು ಹೋಗಿ ಲಕ್ಷಗಟ್ಟಲೆ ಬೆಲೆಯ ಎಸ್‌ಯುವಿ ಅಂಗಳಕ್ಕೆ ಬಂದರೂ ಈ ಉಪದ್ರವ ಪೂರ್ತಿ ಬಿಟ್ಟುಹೋಗಿಲ್ಲ. ಇಂಜಿನಿನೊಳಗಿನ ಕಿಡಿ ತಪ್ಪದೆ ಹಾರುವಂತೆ ಮಾಡುವುದನ್ನೇ ಬಾಳಿನ ಕಸುಬಾಗಿಸಿಕೊಂಡ ಜರ್ಮನಿಯ ರಾಬರ್ಟ್ ಬಾಷ್ ಅವರ ಕತೆಯನ್ನು ವಾಹನ ಇದ್ದವರೂ ಇಲ್ಲದವರೂ ತಿಳಿದಿರುವುದು ಒಳ್ಳೆಯದು.

ಬಾಷ್ ಹುಟ್ಟಿದ್ದು 1861ರ ಸೆಪ್ಟೆಂಬರ್ 23ರಂದು, ಉಲ್ಮ್ ಪಟ್ಟಣದ ಬಳಿಯ ಆಲ್ಬೆಕ್ ಎಂಬ ಹಳ್ಳಿಯಲ್ಲಿ. ಹನ್ನೆರಡು ಮಂದಿ ಮಕ್ಕಳಲ್ಲಿ ಇವರು ಹನ್ನೊಂದನೆಯವರು. ತಂದೆಗೆ ಬೇಸಾಯವೂ ಒಂದು ವಸತಿಗೃಹವೂ ಇದ್ದವು. ಹುಡುಗ ಉಲ್ಮ್‌ನಲ್ಲಿ ಸೂಕ್ಷ್ಮ ಯಂತ್ರಗಳ ಕೆಲಸ ಕಲಿತರು. ಬಳಿಕ ಹಲವು ಕಾರ್ಖಾನೆಗಳಲ್ಲಿ ದುಡಿದು, 1884ರಲ್ಲಿ ಅಮೆರಿಕಕ್ಕೆ ಹೋಗಿ ಎಡಿಸನ್ನರ ಕಾರ್ಖಾನೆಯಲ್ಲಿಯೂ, ಇಂಗ್ಲೆಂಡಿನಲ್ಲಿ ಸೀಮೆನ್ಸ್ ಸಹೋದರರ ಸಂಸ್ಥೆಯಲ್ಲಿಯೂ ಕೆಲಸ ಮಾಡಿದರು. ಕೊನೆಗೆ 1886ರ ನವೆಂಬರ್ 15ರಂದು ಸ್ಟುಟ್‌ಗಾರ್ಟ್ ನಗರದಲ್ಲಿ ಸ್ವಂತ ಕಮ್ಮಟ ತೆರೆದರು. ಕೈಕೆಳಗೆ ಒಬ್ಬ ಮೆಕ್ಯಾನಿಕ್, ಒಬ್ಬ ಹುಡುಗ, ಅಷ್ಟೇ. ಟೆಲಿಫೋನ್ ಜೋಡಿಸುವುದು, ವಿದ್ಯುತ್ ಗಂಟೆ ಕಟ್ಟುವುದು, ಹೀಗೆ ಸಿಕ್ಕಿದ ಕೆಲಸವೆಲ್ಲ ಅವರದ್ದು. ಗಿರಾಕಿಗಳ ಮನೆಗೆ ಸೈಕಲ್ ತುಳಿದು ಹೋಗಿ ಕೆಲಸ ಸರಿಯಾಯಿತೇ ಎಂದು ನೋಡಿ ಬರುತ್ತಿದ್ದರು. ಸಾಲ, ನಷ್ಟ, ಮನೆಯವರ ಆಸರೆ, ಇದರಲ್ಲೇ ಹಲವು ವರ್ಷ ಕಳೆಯಿತು.

ಅಂದಿನ ಇಂಜಿನುಗಳ ಪಾಡು ಹೇಳತೀರದು. ಪೆಟ್ರೋಲಿನ ಆವಿಯನ್ನು ಸಿಲಿಂಡರಿನೊಳಗೆ ಸರಿಯಾದ ಗಳಿಗೆಯಲ್ಲಿ ಹೊತ್ತಿಸಬೇಕು. ಕೆಲವರು ಲೋಹದ ನಳಿಗೆಯನ್ನು ಹೊರಗಿನಿಂದ ಕೆಂಪಗೆ ಕಾಯಿಸಿ ಅದರಿಂದ ಹೊತ್ತಿಸುತ್ತಿದ್ದರು. ಗಾಡಿಯ ಮೇಲೇ ಉರಿಯುವ ಬೆಂಕಿ, ಪಕ್ಕದಲ್ಲೇ ಪೆಟ್ರೋಲು! ಇನ್ನು ಕೆಲವರು ಬ್ಯಾಟರಿಯನ್ನು ನಂಬಿದರು. ಅದನ್ನು ಮತ್ತೆ ತುಂಬಿಸಲು ಗಾಡಿಯಲ್ಲಿ ಡೈನಮೋ ಇಲ್ಲದ ಕಾಲ; ಬ್ಯಾಟರಿ ಬತ್ತಿದಲ್ಲಿ ಗಾಡಿ ನಿಂತಿತು.

1887ರಲ್ಲಿ ಒಬ್ಬ ಗಿರಾಕಿಗಾಗಿ ಬಾಷ್ ಒಂದು ಮ್ಯಾಗ್ನೆಟೋ ತಯಾರಿಸಿಕೊಟ್ಟರು. ಅಯಸ್ಕಾಂತದ ನಡುವೆ ತಂತಿಯ ಸುರುಳಿ ಚಲಿಸಿ ತಾನೇ ವಿದ್ಯುತ್ತು ಹುಟ್ಟಿಸುವ ಸಾಧನವದು, ಬ್ಯಾಟರಿ ಬೇಡ. ಇದು ಅವರ ಸ್ವಂತ ಕಲ್ಪನೆಯಲ್ಲ. ಡಾಯ್ಟ್ಸ್ ಕಂಪೆನಿಯ ಇಂಜಿನುಗಳಲ್ಲಿ ಅಂಥದ್ದು ಆಗಲೇ ಇತ್ತು; ಇವರು ಅದನ್ನು ನೋಡಿ, ತಿದ್ದಿ, ಗಟ್ಟಿಯಾಗಿ ಮಾಡಿದರು. ಆದರೆ ಅದು ಒಂದೆಡೆ ನಿಂತು ನಿಧಾನವಾಗಿ ತಿರುಗುವ ಇಂಜಿನಿಗೆ ಸಾಕಾಗುತ್ತಿತ್ತೇ ಹೊರತು ಓಡುವ ಗಾಡಿಗಲ್ಲ. 1897ರಲ್ಲಿ ಫ್ರೆಡರಿಕ್ ಸಿಮ್ಸ್ ಎಂಬವರು ಡಿ ಡಿಯೋನ್ ಮೂರು ಚಕ್ರದ ಗಾಡಿಯೊಂದನ್ನು ತಂದು ಇದಕ್ಕೂ ಹೊಂದಿಸಿಕೊಡಿ ಎಂದು ಕೇಳಿದರು. ಅದರ ಇಂಜಿನು ನಿಮಿಷಕ್ಕೆ ಸಾವಿರದೈನೂರಕ್ಕೂ ಮಿಕ್ಕಿ ಸುತ್ತುವಂಥದ್ದು. ಭಾರವಾದ ಸುರುಳಿಯನ್ನು ಅಷ್ಟು ಬೇಗ ಅತ್ತಿತ್ತ ಆಡಿಸುವುದು ಆಗದ ಮಾತು. ಕಮ್ಮಟದ ಆರ್ನಾಲ್ಡ್ ಜೇರಿಂಗರ್ ಸುರುಳಿಯನ್ನು ಹಾಗೆಯೇ ನಿಲ್ಲಿಸಿ, ಅದರ ಸುತ್ತ ಹಗುರವಾದ ಲೋಹದ ತೋಳೊಂದನ್ನು ಆಡಿಸಿದರು. ಕಿಡಿ ವೇಗಕ್ಕೆ ಒದಗಿತು. 1902ರಲ್ಲಿ ಗಾಟ್ಲೋಬ್ ಹೊನೋಲ್ಡ್ ಹೆಚ್ಚಿನ ವೋಲ್ಟೇಜಿನ ಮ್ಯಾಗ್ನೆಟೋವನ್ನೂ ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ಗನ್ನೂ ಸಿದ್ಧಪಡಿಸಿದರು. ಈ ಹೊನೋಲ್ಡ್ ಹಿಂದೆ ಅದೇ ಕಮ್ಮಟದಲ್ಲಿ ಕೆಲಸ ಕಲಿತ ಹುಡುಗ. ಓದು ಮುಗಿಸಿ ಮರಳಿ ಬಂದವರು. ಎಲ್ಲ ಶೋಧಗಳನ್ನೂ ಬಾಷ್ ಅವರ ತಲೆಗೇ ಕಟ್ಟುವವರಿದ್ದಾರೆ, ಅದು ಸರಿಯಲ್ಲ. ಸಮರ್ಥರನ್ನು ಗುರುತಿಸಿ, ಸಲಕರಣೆ ಕೊಟ್ಟು, ಪರೀಕ್ಷೆಗೆ ನಿಲ್ಲದ ವಸ್ತುವನ್ನು ಹೊರಗೆ ಬಿಡದಿದ್ದುದೇ ಅವರ ದೊಡ್ಡತನ.

ಆ ಕಿಡಿ ಇಂದಿಗೂ ತಪ್ಪುವುದೇಕೆ? ಏರು ಹತ್ತುವಾಗ ಸಿಲಿಂಡರಿನೊಳಗಿನ ಒತ್ತಡ ಹೆಚ್ಚುತ್ತದೆ. ಒತ್ತಡ ಹೆಚ್ಚಿದಷ್ಟೂ ಪ್ಲಗ್ಗಿನ ತುದಿಯ ಸಂದನ್ನು ದಾಟಲು ಹೆಚ್ಚು ವೋಲ್ಟೇಜ್ ಬೇಕು. ಕಾಯಿಲ್ ಸೋತಿದ್ದರೆ, ಪ್ಲಗ್ ಸವೆದು ಸಂದು ಅಗಲವಾಗಿದ್ದರೆ, ಪಿಂಗಾಣಿಯಲ್ಲಿ ಕೂದಲೆಳೆಯ ಬಿರುಕಿದ್ದರೆ ವಿದ್ಯುತ್ತು ಸುಲಭದ ದಾರಿ ಹಿಡಿದು ಹೊರಗಿನಿಂದಲೇ ಲೋಹಕ್ಕೆ ಹಾರಿಬಿಡುತ್ತದೆ. ಮಳೆಯ ತೇವವೂ ಅದಕ್ಕೆ ದಾರಿ ಮಾಡಿಕೊಡುತ್ತದೆ. ಸಮತಟ್ಟಿನಲ್ಲಿ ಒತ್ತಡ ಇಳಿಯಿತು, ಕಿಡಿ ಮರಳಿತು. ಹಳೆಯ ಮೆಕ್ಯಾನಿಕರು ಪ್ಲಗ್ಗಿನ ವಯರುಗಳನ್ನು ಒಂದೊಂದಾಗಿ ತೆಗೆದು ಕಿವಿಗೊಡುತ್ತಿದ್ದರು. ಯಾವುದನ್ನು ತೆಗೆದರೂ ಇಂಜಿನಿನ ಸದ್ದು ಬದಲಾಗದೋ ಆ ಸಿಲಿಂಡರು ಆಗಲೇ ಸತ್ತಿದೆಯೆಂದು ಲೆಕ್ಕ. ಈಗಿನ ಪೆಟ್ರೋಲ್ ಎಸ್‌ಯುವಿಗಳಲ್ಲಿ ಸಾಮಾನ್ಯವಾಗಿ ಪ್ಲಗ್ಗಿಗೊಂದರಂತೆ ಕಾಯಿಲ್ ಇರುತ್ತದೆ. ಕ್ರ್ಯಾಂಕಿನ ತಿರುಗು ಎಲ್ಲಿ ಕ್ಷಣಮಾತ್ರ ಕುಗ್ಗಿತೆಂದು ಕಂಪ್ಯೂಟರು ಗುರುತಿಟ್ಟುಕೊಳ್ಳುತ್ತದೆ. ಪಿ 0302 ಎಂದು ತೋರಿಸಿದರೆ ಎರಡನೆಯ ಸಿಲಿಂಡರು. ಪಿ 0300 ಎಂದರೆ ಇಂಥದ್ದೇ ಎಂದು ಹೇಳಲಾಗದು. ಆದರೆ ಅದು ಯಾವ ಸಿಲಿಂಡರೆಂದು ಹೇಳೀತು, ಏಕೆಂದು ಹೇಳದು. ಎರಡನೆಯದರ ಕಾಯಿಲನ್ನು ಮೂರನೆಯದಕ್ಕೆ ಹಾಕಿ ಅದೇ ಏರಿನಲ್ಲಿ ಓಡಿಸಿ ನೋಡಬೇಕು. ದೋಷವೂ ಮೂರಕ್ಕೆ ಹೋದರೆ ಕಳ್ಳ ಸಿಕ್ಕಿದ. ಹೋಗದಿದ್ದರೆ ಪ್ಲಗ್ ಬದಲಿಸಿ ನೋಡುವುದು, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಶನ್. ಒಂದು ಸಲಕ್ಕೆ ಒಂದೇ ಬದಲಾವಣೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಬಿಲ್ಲು ಬೆಳೆದೀತು, ಕಾರಣ ತಿಳಿಯದು. ಇಂಜಿನಿನ ದೀಪ ಮಿನುಗತೊಡಗಿದರಂತೂ ಮುಂದೆ ಓಡಿಸಬಾರದು. ಉರಿಯದ ಪೆಟ್ರೋಲು ಹೊಗೆಕೊಳವೆಗೆ ಹೋಗಿ ಅಲ್ಲಿನ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟು ಹಾಕುತ್ತದೆ.

ಡೀಸೆಲ್ ಗಾಡಿಯವರು ನಮಗೆ ಕಿಡಿಯ ಗೊಡವೆಯೇ ಇಲ್ಲ ಎಂದಾರು. ನಿಜ, ಅಲ್ಲಿ ಕಿಡಿಯಿಲ್ಲ. ಅಲ್ಲಿನ ಮಿಸ್ಸಿಂಗಿಗೆ ಪಂಪು, ನೋಜಲುಗಳನ್ನು ನೋಡಬೇಕು. ಆ ಡೀಸೆಲ್ ಪಂಪನ್ನು 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಆರಂಭಿಸಿದ್ದೂ ಬಾಷ್ ಸಂಸ್ಥೆಯೇ.

1906ರಲ್ಲಿ, ಒಂದು ಲಕ್ಷದ ಮ್ಯಾಗ್ನೆಟೋ ಹೊರಬಂದ ವರ್ಷವೇ, ಬಾಷ್ ತಮ್ಮ ಕಾರ್ಮಿಕರಿಗೆ ದಿನಕ್ಕೆ ಎಂಟು ಗಂಟೆಗಳ ದುಡಿಮೆ ಎಂದು ಗೊತ್ತುಪಡಿಸಿದರು. ಜರ್ಮನಿಯಲ್ಲಿ ಹಾಗೆ ಮಾಡಿದ ಮೊದಲಿಗರ ಸಾಲಿನಲ್ಲಿ ಅವರು ಸೇರುತ್ತಾರೆ. ಬೇರೆ ಧಣಿಗಳು ಅವರನ್ನು ಕೆಂಪು ಬಾಷ್ ಎಂದು ಹಂಗಿಸಿದರು. ಹಾಗಿದ್ದೂ 1913ರಲ್ಲಿ ಅವರದೇ ಕಾರ್ಖಾನೆಯಲ್ಲಿ ಮುಷ್ಕರ ನಡೆಯಿತು. ಅದು ಅವರನ್ನು ಬಹಳ ನೋಯಿಸಿತು. ಮೊದಲನೆಯ ಮಹಾಯುದ್ಧದಲ್ಲಿ ಬಂದ ಲಾಭವನ್ನು ತನ್ನದಾಗಿ ಇಟ್ಟುಕೊಳ್ಳಲು ಒಪ್ಪದೆ ಲೋಕೋಪಯೋಗಿ ಕೆಲಸಗಳಿಗೆ ಕೊಟ್ಟರು. ಅದೇ ಯುದ್ಧ ಅಮೆರಿಕದಲ್ಲಿದ್ದ ಅವರ ಕಾರ್ಖಾನೆಗಳನ್ನು ಕಸಿದುಕೊಂಡಿತು. 1921ರಲ್ಲಿ ಒಬ್ಬನೇ ಮಗ ದೀರ್ಘ ಕಾಯಿಲೆಯಿಂದ ತೀರಿಕೊಂಡ.

ಹಿಟ್ಲರನ ಕಾಲದ ಲೆಕ್ಕ ಅಷ್ಟು ಸರಳವಾಗಿಲ್ಲ. ಬಾಷ್ ಆ ಆಡಳಿತವನ್ನು ಮೆಚ್ಚಿದವರಲ್ಲ. ಯೆಹೂದಿಗಳಿಗೆ ನೆರವಾದರು, ಹಿಟ್ಲರನ ವಿರೋಧಿಯಾದ ಕಾರ್ಲ್ ಗರ್ಡೆಲರ್ ಅವರಿಗೆ 1937ರಲ್ಲಿ ತಮ್ಮ ಸಂಸ್ಥೆಯಲ್ಲಿ ಸಲಹೆಗಾರನ ಸ್ಥಾನ ಕೊಟ್ಟು ಆಸರೆಯಾದರು. ಗರ್ಡೆಲರ್ ಅವರನ್ನು 1945ರಲ್ಲಿ ಗಲ್ಲಿಗೇರಿಸಲಾಯಿತು. ಆದರೆ ಅದೇ ಸಂಸ್ಥೆ ಯುದ್ಧಕ್ಕೆ ಬೇಕಾದ ಸಾಮಾನುಗಳನ್ನು ಒದಗಿಸಿತು. ಸಾವಿರಾರು ಮಂದಿಯನ್ನು ಬಲವಂತದ ದುಡಿಮೆಗೆ ಹಚ್ಚಿತು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚುವುದು ನ್ಯಾಯವಲ್ಲ.

ಬಾಷ್ 1942ರ ಮಾರ್ಚ್ 12ರಂದು ಸ್ಟುಟ್‌ಗಾರ್ಟಿನಲ್ಲಿ ಕಿವಿಯೊಳಗಿನ ಸೋಂಕು ಉಲ್ಬಣಿಸಿ ತೀರಿಕೊಂಡರು. ತಾವು ಮೆಚ್ಚದ ಸರಕಾರವೇ ಅವರಿಗೆ ರಾಜಮರ್ಯಾದೆಯ ಅಂತ್ಯಕ್ರಿಯೆ ನಡೆಸಿತು. ಅವರು ಕಟ್ಟಿಸಿದ ಆಸ್ಪತ್ರೆ ಆ ನಗರದಲ್ಲಿ ಇಂದಿಗೂ ನಡೆಯುತ್ತಿದೆ. ಸಂಸ್ಥೆಯ ಬಂಡವಾಳದ ಬಹುಪಾಲು 1964ರಿಂದ ಧರ್ಮಕಾರ್ಯದ ಪ್ರತಿಷ್ಠಾನವೊಂದರ ಕೈಯಲ್ಲಿದೆ. ಕನ್ನಡಿಗರಿಗೆ ಅವರ ಕೆಲಸ ಹತ್ತಿರವಾದದ್ದು ಬೇರೆ ಹೆಸರಿನಿಂದ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿ, ಅಂದರೆ ನಮ್ಮ ಮೈಕೋ, ಅವರ ಸಂಸ್ಥೆಯ ಭಾರತದ ಶಾಖೆ. ಲಾರಿಯ ಡೀಸೆಲ್ ಪಂಪೂ ಜೀಪಿನ ಪ್ಲಗ್ಗೂ ಅಲ್ಲಿಂದಲೇ ದೇಶವೆಲ್ಲ ಹರಡಿದವು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು.