ಬಿಲ್ಲನ್ನು ಮೂರು ಭಾಗ ಮಾಡಿದ ಬೇಟೆಗಾರ ಫ್ರೆಡ್ ಬೇರ್

ಬಿಲ್ಲು ಹಿಡಿದು ಬೇಟೆಗೆ ಹೊರಡುವವನ ಮುಂದೆ ಮೊದಲು ನಿಲ್ಲುವ ಪ್ರಶ್ನೆ ಬಾಣದ್ದಲ್ಲ, ಬಿಲ್ಲಿನದು. ಹಿಡಿಯೂ ತೋಳುಗಳೂ ಬೆಸೆದು ಒಂದೇ ತುಂಡಾಗಿರುವ ರಿಕರ್ವ್ ಬಿಲ್ಲು ಬೇಕೋ, ಹಿಡಿಯಿಂದ ಎರಡೂ ತೋಳುಗಳನ್ನು ಬಿಚ್ಚಿ ಚೀಲಕ್ಕೆ ಸೇರಿಸಬಹುದಾದ ಟೇಕ್‌ಡೌನ್ ಬಿಲ್ಲು ಬೇಕೋ? ಅಮೆರಿಕದ ಬಿಲ್ಲುಗಾರರಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ನಡೆದುಬಂದಿರುವ ಈ ವಾದದ ಎರಡೂ ಪಕ್ಷಗಳಲ್ಲಿ ಒಬ್ಬನೇ ಮನುಷ್ಯನ ಹೆಸರು ಕೇಳಿಬರುತ್ತದೆ. ಒಂದೇ ತುಂಡಿನ ಬಿಲ್ಲಿನಿಂದ ಕೀರ್ತಿಯನ್ನೂ ಸಂಪತ್ತನ್ನೂ ಗಳಿಸಿ, ಬಳಿಕ ಅದೇ ಬಿಲ್ಲನ್ನು ಮೂರು ಭಾಗ ಮಾಡಲು ವರ್ಷಗಟ್ಟಲೆ ಹೆಣಗಿದ ಆ ವ್ಯಕ್ತಿ ಫ್ರೆಡ್ ಬೇರ್.

1902ರ ಮಾರ್ಚ್ 5ರಂದು ಪೆನ್ಸಿಲ್ವೇನಿಯಾ ರಾಜ್ಯದ ವೇನ್ಸ್‌ಬೊರೊದಲ್ಲಿ ಅವರ ಜನನ. ಇಂಗ್ಲಿಷಿನಲ್ಲಿ ಬೇರ್ ಎಂದರೆ ಕರಡಿ. ಮುಂದೆ ಕರಡಿ ಬೇಟೆಯಿಂದಲೇ ಪ್ರಸಿದ್ಧರಾದವರಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗುವುದು ಕಷ್ಟ. ಇಪ್ಪತ್ತರ ಹರೆಯ ದಾಟುತ್ತಿದ್ದಂತೆಯೇ ಉದ್ಯೋಗ ಅರಸಿ ಡೆಟ್ರಾಯಿಟ್ ನಗರ ಸೇರಿದ ಅವರು ಪ್ಯಾಕರ್ಡ್ ಮೋಟಾರು ಕಂಪನಿಯಲ್ಲಿ ಮರದ ಅಚ್ಚು ತಯಾರಿಸುವ ಕೆಲಸಗಾರರಾದರು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸದ ಈ ಕಸುಬು ಅವರ ಕೈಗೆ ಕೊಟ್ಟ ಶಿಸ್ತು ಕೊನೆಯವರೆಗೂ ಅಳಿಯಲಿಲ್ಲ.

1920ರ ದಶಕದಲ್ಲಿ ಅದೇ ನಗರದ ಚಿತ್ರಮಂದಿರವೊಂದರಲ್ಲಿ ಆರ್ಟ್ ಯಂಗ್ ಎಂಬ ಬೇಟೆಗಾರನ ಅಲಾಸ್ಕಾ ಸಾಹಸಗಳ ಚಿತ್ರವನ್ನು ಬೇರ್ ನೋಡಿದರು. ಬಿಲ್ಲುಬಾಣಗಳಿಂದ ದೊಡ್ಡ ಪ್ರಾಣಿಯನ್ನು ಬೇಟೆಯಾಡಬಹುದೆಂಬುದು ಆ ಕಾಲದ ಅಮೆರಿಕನ್ನರಿಗೆ ಬಹುಮಟ್ಟಿಗೆ ಮರೆತುಹೋಗಿದ್ದ ಸಂಗತಿ. ಯಂಗ್ ಅವರ ಜೊತೆಗಾರ ಡಾಕ್ಟರ್ ಸ್ಯಾಕ್ಸ್‌ಟನ್ ಪೋಪ್. ಪೋಪ್ ಅವರಿಗೆ ಈ ವಿದ್ಯೆಯನ್ನು ಕಲಿಸಿದವನು, 1911ರಲ್ಲಿ ಕ್ಯಾಲಿಫೋರ್ನಿಯಾದ ಕಾಡಿನಿಂದ ಒಂಟಿಯಾಗಿ ಹೊರಬಂದ, ಯಾಹಿ ಬುಡಕಟ್ಟಿನ ಕೊನೆಯವನೆನಿಸಿದ ಇಶಿ. ಹೀಗೆ ಅಳಿದ ಬುಡಕಟ್ಟೊಂದರ ವಿದ್ಯೆ ಗುರುಪರಂಪರೆಯಂತೆ ಕೈಯಿಂದ ಕೈಗೆ ದಾಟಿ ಮೋಟಾರು ಕಾರ್ಖಾನೆಯ ಕೆಲಸಗಾರನನ್ನು ತಲುಪಿತು. ಯಂಗ್ ಅವರ ಪರಿಚಯ ಮಾಡಿಕೊಂಡ ಬೇರ್, ಬಿಲ್ಲು ಕೆತ್ತುವುದನ್ನೂ ಬಾಣ ಕಟ್ಟುವುದನ್ನೂ ಅವರಿಂದ ಕಲಿತರು.

1933ರಲ್ಲಿ ಬೇರ್ ದುಡಿಯುತ್ತಿದ್ದ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಆರ್ಥಿಕ ಕುಸಿತದ ಆ ದಿನಗಳಲ್ಲಿ ಗೆಳೆಯನೊಬ್ಬನ ಜೊತೆಗೂಡಿ ಕಾರು ಕಂಪನಿಗೆ ಜಾಹೀರಾತು ಮುದ್ರಿಸಿಕೊಡುವ ಸಣ್ಣ ಉದ್ಯಮ ಆರಂಭಿಸಿದರು. ಅದರ ಒಂದು ಮೂಲೆಯಲ್ಲಿ ನಡೆಯುತ್ತಿದ್ದ ಬಿಲ್ಲಿನ ಕೆಲಸವೇ ಬೆಳೆದು ಬೇರ್ ಆರ್ಚರಿ ಕಂಪನಿಯಾಯಿತು. 1947ರಲ್ಲಿ ಅದು ಮಿಶಿಗನ್ ರಾಜ್ಯದ ಗ್ರೇಲಿಂಗ್ ಎಂಬ ಪುಟ್ಟ ಊರಿಗೆ ಸ್ಥಳಾಂತರಗೊಂಡಿತು.

ಅಲ್ಲಿಂದ ಹೊರಬಂದ ಕೋಡಿಯಾಕ್ ಬಿಲ್ಲು ಬೇಟೆಯ ಬಿಲ್ಲುಗಳ ಚರಿತ್ರೆಯನ್ನೇ ಬದಲಿಸಿತೆಂದರೆ ಅತಿಶಯೋಕ್ತಿಯಲ್ಲ. ರಿಕರ್ವ್ ಬಿಲ್ಲಿನ ತೋಳುಗಳ ತುದಿ ಬಿಲ್ಲುಗಾರನಿಗೆ ವಿಮುಖವಾಗಿ ಬಾಗಿರುತ್ತದೆ. ಹೆದೆಯೆಳೆದಾಗ ಆ ಬಾಗು ಬಿಚ್ಚಿಕೊಳ್ಳುತ್ತದೆ. ಬಿಟ್ಟಾಗ ಮರಳಿ ಸುತ್ತಿಕೊಳ್ಳುತ್ತ ಬಾಣಕ್ಕೆ ವೇಗ ಕೊಡುತ್ತದೆ. ಬರಿಯ ಮರ ಈ ಒತ್ತಡವನ್ನು ಬಹುಕಾಲ ತಾಳಲಾರದು. ಮೇಪಲ್ ಮರದ ತೆಳು ಪಟ್ಟಿಗಳ ಎರಡೂ ಮೈಗೆ, ಎಳೆಗಳೆಲ್ಲ ಒಂದೇ ದಿಕ್ಕಿಗೆ ಸಾಗುವ ಫೈಬರ್‌ಗ್ಲಾಸ್ ಹಾಳೆಯನ್ನು ಅಂಟಿಸುವ ವಿಧಾನವನ್ನು ಬೇರ್ ರೂಢಿಗೆ ತಂದರು. ಶ್ರೀಮಂತರ ಹವ್ಯಾಸವಾಗಿದ್ದ ಒಳ್ಳೆಯ ಬಿಲ್ಲು ಇದರಿಂದ ಕೂಲಿಕಾರನ ಕೈಗೂ ಎಟುಕಿತು. ಇವೆಲ್ಲವೂ ಒಂದೇ ತುಂಡಿನ ಬಿಲ್ಲುಗಳೆಂಬುದನ್ನು ಇಲ್ಲಿ ಗಮನಿಸಬೇಕು.

ಇಂಥ ಬಿಲ್ಲಿನ ಗುಣಗಳು ಸಾಮಾನ್ಯವಲ್ಲ. ಅದು ಹಗುರ; ಹೊತ್ತಿನಿಂದ ಹೊತ್ತಿನವರೆಗೆ ಕಾಡಿನಲ್ಲಿ ನಡೆಯುವವನ ಕೈ ಸೋಲದು. ಕೀಲು, ಕೊಂಡಿ, ತಿರುಪುಗಳಿಲ್ಲದ ಕಾರಣ ಸಡಿಲಗೊಂಡು ಕಿರುಗುಟ್ಟುವ ಭಯವಿಲ್ಲ. ಇಪ್ಪತ್ತು ಗಜ ದೂರದ ಜಿಂಕೆಗೆ ಒಂದು ಕಿರು ಸದ್ದು ಸಾಕೆಂಬುದನ್ನು ಬಲ್ಲವರಿಗೆ ಇದು ಸಣ್ಣ ಮಾತಲ್ಲ. ತೋಳುಗಳು ನೆಟ್ಟಗೆ ಕೂತಿವೆಯೇ ಎಂದು ಪ್ರತಿಸಲ ಪರೀಕ್ಷಿಸಬೇಕಾಗಿಯೂ ಇಲ್ಲ, ಹೆದೆಯೇರಿಸಿದರಾಯಿತು.

ಹಾಗಿದ್ದೂ ಬೇರ್ ಅವರಿಗೆ ಇದು ಸಾಕಾಗಲಿಲ್ಲ. ಕಾರಣ, ಅವರ ಬೇಟೆಯ ದಾರಿ ಮನೆಯ ಹಿತ್ತಲಿನ ಕಾಡಿಗಷ್ಟೇ ಹೋಗುತ್ತಿರಲಿಲ್ಲ. ಅಲಾಸ್ಕಾದ ಕೋಡಿಯಾಕ್ ಕರಡಿ, 1963ರಲ್ಲಿ ಭಾರತದ ಹುಲಿ, 1964ರಲ್ಲಿ ಆಫ್ರಿಕಾದ ಆನೆ, 1966ರಲ್ಲಿ ಉತ್ತರ ಧ್ರುವ ಸಾಗರದ ಹಿಮಗಡ್ಡೆಯ ಮೇಲೆ ಬಿಳಿ ಕರಡಿ. ಇಂದಿನ ಕಣ್ಣಿಗೆ ಈ ಪಟ್ಟಿ ಹೆಮ್ಮೆಯದಾಗಿ ಕಾಣದಿರಬಹುದು. ನಮ್ಮಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇಂಥ ಬೇಟೆಯ ಅಧ್ಯಾಯಕ್ಕೆ ತೆರೆ ಎಳೆದಿದೆ. ಆದರೆ ಬಿಲ್ಲಿನ ಕಥೆಗೆ ಈ ಪಯಣಗಳು ಅನಿವಾರ್ಯ. ಅಲಾಸ್ಕಾದ ಒಳನಾಡಿಗೆ ಕರೆದೊಯ್ಯುವ ಪುಟಾಣಿ ವಿಮಾನದಲ್ಲಿ ಮನುಷ್ಯ ಕೂರುವುದೇ ಮುದುಡಿಕೊಂಡು. ಅಲ್ಲಿ ಐದಡಿಯ ಬಿಲ್ಲನ್ನು ಎಲ್ಲಿ ಇಡುವುದು? ಅಜ್ಞಾತವಾಸಕ್ಕೆ ಹೊರಟ ಅರ್ಜುನನಿಗೆ ಗಾಂಡೀವವನ್ನು ಬನ್ನಿ ಮರದಲ್ಲಿ ಬಚ್ಚಿಟ್ಟು ಹೋಗುವ ಅನುಕೂಲವಿತ್ತು. ಬಿಲ್ಲನ್ನೇ ನಂಬಿ ಹೊರಟ ಬೇಟೆಗಾರನಿಗೆ ಅದೂ ಇಲ್ಲ.

ಇದಕ್ಕೂ ದೊಡ್ಡ ಭಯ ಇನ್ನೊಂದಿತ್ತು. ಒಂದೇ ತುಂಡಿನ ಬಿಲ್ಲಿನಲ್ಲಿ ಒಂದು ತೋಳು ತಿರುಚಿಕೊಂಡರೆ ಅಥವಾ ಅಂಟು ಬಿಟ್ಟು ಸೀಳಿದರೆ ಇಡೀ ಬಿಲ್ಲೇ ಹೋದಂತೆ. ಹತ್ತಿರದ ಊರು ನೂರಾರು ಮೈಲಿ ದೂರವಿರುವಲ್ಲಿ ಅದರೊಂದಿಗೆ ವರ್ಷದ ಸಿದ್ಧತೆಯೂ ಮುಗಿಯಿತು. ಬದಲಿಗೆಂದು ಎರಡನೆಯ ಬಿಲ್ಲನ್ನು ಒಯ್ಯೋಣವೆಂದರೆ ಮತ್ತೆ ಅದೇ ಸ್ಥಳಾಭಾವ.

ಬಿಲ್ಲನ್ನು ಗಿಡ್ಡವಾಗಿಸುವುದು ಒಂದು ಉಪಾಯ. 1961ರ ಕೋಡಿಯಾಕ್ ಮ್ಯಾಗ್ನಮ್ ಕೇವಲ 52 ಇಂಚಿನದು. ಪೊದೆಗಳ ನಡುವೆ ಅದರ ಸೊಗಸೇ ಬೇರೆ. ಆದರೆ ಬಿಲ್ಲು ಗಿಡ್ಡವಾದಷ್ಟೂ ಎಳೆದ ಹೆದೆಯ ಕೋನ ಕಿರಿದಾಗಿ ಬೆರಳುಗಳನ್ನು ಹಿಂಡುತ್ತದೆ. ಕೈಯ ಅತ್ಯಲ್ಪ ತಪ್ಪನ್ನೂ ಬಾಣ ಗುರಿಯಲ್ಲಿ ಎತ್ತಿ ತೋರಿಸುತ್ತದೆ. ಉದ್ದದ ಬಿಲ್ಲಿನ ಕ್ಷಮಾಗುಣ ಇದಕ್ಕಿಲ್ಲ.

ಉಳಿದದ್ದು ಬಿಲ್ಲನ್ನು ಬಿಡಿಸುವ ದಾರಿ. ಬಿಡಿಸುವ ಬಿಲ್ಲು ಬೇರ್ ಅವರಿಗೂ ಮುಂಚೆ ಇತ್ತು, ನಂಬಿಕೆ ಇರಲಿಲ್ಲ. ಕೀಲು ಸ್ವಲ್ಪ ಅಲುಗಿದರೂ ಬಾಣ ಬೇರೆಡೆಗೆ ಹೋಗುತ್ತದೆ. ತಿರುಪು ಕಳೆದುಹೋದರೆ ಬಿಲ್ಲೇ ನಿರುಪಯುಕ್ತ. 1960ರ ದಶಕದಲ್ಲಿ ಬೇರ್ ಹಲವು ಮಾದರಿಗಳನ್ನು ಮಾಡಿ ನೋಡಿದರು, ಒಪ್ಪದೆ ಕೈಬಿಟ್ಟರು. 1968ರಲ್ಲಿ ಕಂಪನಿಯನ್ನು ವಿಕ್ಟರ್ ಕಂಪ್ಟೋಮೀಟರ್ ಸಂಸ್ಥೆಗೆ ಮಾರಿದ ಬಳಿಕವೂ ಅಧ್ಯಕ್ಷರಾಗಿ ಉಳಿದು ಆ ಕೆಲಸ ಬಿಡಲಿಲ್ಲ. ಮಾರಾಟಕ್ಕೆ ಸಲ್ಲದೆಂದು ಅವರು ತಡೆದಿಟ್ಟ ವರ್ಷಗಳೇ ಈ ಲೇಖಕನಿಗೆ ಅವರ ಹುಲಿ, ಆನೆಗಳಿಗಿಂತ ದೊಡ್ಡದಾಗಿ ತೋರುತ್ತವೆ.

1970ರ ಹೊತ್ತಿಗೆ ಬೇರ್ ಟೇಕ್‌ಡೌನ್ ಹೊರಬಂತು. ಅದರ ತೋಳನ್ನು ಹಿಡಿಗೆ ಜೋಡಿಸಲು ಯಾವ ಉಪಕರಣವೂ ಬೇಡ. ಹಿಡಿಯಲ್ಲೇ ಅಡಗಿದ ಚಿಲಕ ತೋಳನ್ನು ಬಿಗಿಯಾಗಿ ಹಿಡಿಯುತ್ತದೆ. ಕತ್ತಲಲ್ಲೂ ಜೋಡಿಸಬಹುದು, ಕಳೆದುಹೋಗುವ ತಿರುಪು ಒಂದೂ ಇಲ್ಲ. ಗಿಡ್ಡನೆಯ ಎ ಹಿಡಿಗೆ ಒಂದನೆಯ ತೋಳುಗಳನ್ನು ಜೋಡಿಸಿದರೆ 56 ಇಂಚು, ಎರಡನೆಯವನ್ನು ಜೋಡಿಸಿದರೆ 58, ಮೂರನೆಯವನ್ನಾದರೆ 60. ಬಿ ಹಿಡಿಗಾದರೆ 60ರಿಂದ 64. ಎಳೆತದ ಭಾರ ಹೆಚ್ಚೆನಿಸಿದರೆ ಬಿಲ್ಲನ್ನೇ ಮಾರಬೇಕಿಲ್ಲ, ತೋಳುಗಳನ್ನು ಬದಲಿಸಿದರೆ ಸಾಕು. ಭುಜಕ್ಕೆ ವಯಸ್ಸಾದವರಿಗೆ ಇದರ ಬೆಲೆ ಗೊತ್ತು. ಪ್ರಯಾಣದಲ್ಲಿ ಇನ್ನೊಂದು ಜೊತೆ ತೋಳುಗಳನ್ನು ಬಟ್ಟೆಯ ನಡುವೆ ಸುತ್ತಿಟ್ಟುಕೊಳ್ಳಬಹುದು.

ಆದರೆ ಕಾಲ ಅನುಕೂಲಕರವಾಗಿರಲಿಲ್ಲ. ಬಿಲ್ಲು ದುಬಾರಿಯಾಗಿತ್ತು. 1969ರ ಕೊನೆಯಲ್ಲಿ ಹಾಲ್ಲೆಸ್ ವಿಲ್ಬರ್ ಅಲೆನ್ ಅವರ ಕಾಂಪೌಂಡ್ ಬಿಲ್ಲಿಗೆ ಪೇಟೆಂಟ್ ದೊರೆತಿತ್ತು. ರಾಟೆಗಳಿಂದ ಕೂಡಿದ ಆ ಬಿಲ್ಲು ಒಂದು ದಶಕದೊಳಗೆ ಬೇಟೆಗಾರರ ಕೈಗಳನ್ನು ಆಕ್ರಮಿಸಿಕೊಂಡಿತು. ಟೇಕ್‌ಡೌನ್‌ನ ಮೊದಲ ತಯಾರಿಕೆ ಕೆಲವೇ ವರ್ಷಗಳಲ್ಲಿ ನಿಂತು, ಮುಂದೆ ಮತ್ತೆ ಆರಂಭವಾಯಿತು.

ಅಂದಹಾಗೆ ಎಲ್ಲರಿಗೂ ಇದೇ ಸರಿಯಾದ ಬಿಲ್ಲೆಂದು ಹೇಳಲಾಗದು. ಮನೆಯಿಂದ ಗಾಡಿಯಲ್ಲಿ ಹೊರಟು ಸಂಜೆ ಮರಳುವ ಬೇಟೆಗಾರನಿಗೆ, ತನ್ನ ಎಳೆತದ ಭಾರ ಇಷ್ಟೇ ಎಂದು ನಿಶ್ಚಯಿಸಿಕೊಂಡವನಿಗೆ, ಒಂದೇ ತುಂಡಿನ ಹಗುರ ಬಿಲ್ಲು ಕೊಡುವ ನೆಮ್ಮದಿಯನ್ನು ಚಿಲಕದ ಬಿಲ್ಲು ಕೊಡಲಾರದು. ಹೊಸಬನಿಗೆ, ಇನ್ನೂ ಬಲ ಕೂಡಿಸಿಕೊಳ್ಳುತ್ತಿರುವವನಿಗೆ, ದೂರ ಪ್ರಯಾಣಿಸುವವನಿಗೆ ಟೇಕ್‌ಡೌನ್ ಲೇಸು. ಇದನ್ನು ಬೇರ್ ಬಲ್ಲವರಾಗಿದ್ದರು. ಆದ್ದರಿಂದಲೇ ಹೊಸದು ಬಂದ ಮೇಲೂ ಅವರ ಕಾರ್ಖಾನೆಯಲ್ಲಿ ಹಳೆಯ ಬಗೆಯ ಬಿಲ್ಲುಗಳ ತಯಾರಿಕೆ ನಿಲ್ಲಲಿಲ್ಲ.

1978ರಲ್ಲಿ ಕಂಪನಿ ಫ್ಲಾರಿಡಾದ ಗೇನ್ಸ್‌ವಿಲ್‌ಗೆ ಹೋಯಿತು. ಬೇರ್ ಕೂಡ ಅಲ್ಲಿಗೆ ತೆರಳಿದರು. 1988ರ ಏಪ್ರಿಲ್ 27ರಂದು, 86ನೆಯ ವಯಸ್ಸಿನಲ್ಲಿ ಅವರು ಅಲ್ಲಿಯೇ ನಿಧನರಾದರು. ಅವರ ಚಿತಾಭಸ್ಮವನ್ನು ಮಿಶಿಗನ್‌ನ ಆಸೇಬಲ್ ನದಿಯ ದಂಡೆಯಲ್ಲಿ, ಅವರು ಮೀನು ಹಿಡಿಯುತ್ತಿದ್ದ ಜಾಗದಲ್ಲಿ ಚೆಲ್ಲಲಾಯಿತು. ಅವರ ಹೆಸರಿನ ಕಂಪನಿ ಕೋಡಿಯಾಕ್ ಮತ್ತು ಟೇಕ್‌ಡೌನ್ ಎರಡನ್ನೂ ಇಂದಿಗೂ ತಯಾರಿಸುತ್ತಿದೆ.